ಅರ್ಧ ತಾಸು ಮುಂದಿದ್ದ ಅಂಗಡಿ

ತಾರಾ ಕಾಕು ಕಳಿಸಿದ ಮನುಕದ, ಅಂದರೆ ಒಣದ್ರಾಕ್ಷಿಯ, ಡಬ್ಬಿ ಇವತ್ತು ಮುಂಜಾನೆ ಬಂತು. ಮುಚ್ಚಳ ತೆಗೆದಾಗ ಆ ಹುಳಿಸಿಹಿ ವಾಸನೆ ಎದ್ದದ್ದೇ ತಡ, ನನಗೆ ಮೋಡೆಮ್ಮಿನ ಕಿರುಚಾಟ ಕೇಳಿಸಿತು. ನಿಮಗೆ ವಿಚಿತ್ರ ಅನ್ನಿಸಬಹುದು. ಕಾಗವಾಡದಲ್ಲಿ ದ್ರಾಕ್ಷಿ ಬೆಳೆಗೆ ಹೊಡೆಯುವ ಔಷಧದ ಅಂಗಡಿ ನಡೆಸಿದ ನನಗೆ ಎರಡೂ ಒಂದೇ ಕಾಲದವು.

ತೊಂಬತ್ತರ ದಶಕದ ಕೊನೆಯ ಮಾತು. ಹಳೆಯದೊಂದು ಕಂಪ್ಯೂಟರನ್ನು ಚೌಕಾಸಿ ಮಾಡಿ ತಂದು ಕೌಂಟರಿನ ಮೇಲೆ ಕೂರಿಸಿದ್ದೆ. ಮನುಕ ಒಣಗಿಸುವವರಿಗೆ ಮಳೆಯ ಸುದ್ದಿ ಕೊಟ್ಟರೆ ಔಷಧಕ್ಕೂ ನನ್ನ ಬಳಿಯೇ ಬರುತ್ತಾರೆಂಬ ಹಂಚಿಕೆ. ಮೋಡೆಮ್ಮಿನಿಂದ ಬೆಳಗಾವಿಯ ಕಂಪ್ಯೂಟರೊಂದಕ್ಕೆ ಎಸ್‌ಟಿಡಿ ಹಚ್ಚಿ ಹವಾಮಾನದ ಫೈಲುಗಳನ್ನೆಲ್ಲ ಇಳಿಸಿಕೊಳ್ಳುವಷ್ಟರಲ್ಲಿ ಲೈನು ಕಡಿಯುತ್ತಿತ್ತು. ಅವುಗಳಲ್ಲಿ ಮುಕ್ಕಾಲು ಪಾಲು ನಿನ್ನೆಯವೇ. ಇದ್ದ ಸರಕನ್ನೇ ಮತ್ತೆ ಹೊತ್ತು ತರಲು ನಾನೇನು ಹಮಾಲನೆ?

ಕಂಪ್ಯೂಟರ್ ಕ್ಲಾಸಿನ ಪದ್ಮಾ ಟೀಚರು ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮೊಂದನ್ನು ಬರೆದುಕೊಟ್ಟರು. ತಾಸಿಗೊಮ್ಮೆ ಅದು ತಾನೇ ಫೋನು ಹಚ್ಚುವುದು, ಅಲ್ಲಿಯ ಫೈಲಿನ ವೇಳೆಯನ್ನು ನಮ್ಮ ಪ್ರತಿಯ ವೇಳೆಯೊಂದಿಗೆ ಹೋಲಿಸುವುದು, ಅಲ್ಲಿಯದು ಹೊಸದಾಗಿದ್ದರೆ ಮಾತ್ರ ಇಳಿಸಿಕೊಳ್ಳುವುದು. ನೀವೂ ಯಂತ್ರಕ್ಕೆ ಕೆಲಸ ಹಚ್ಚುವುದಾದರೆ, ಏನು ಮಾಡಬಾರದೆಂದು ಮೊದಲು ಹೇಳಿಕೊಡಿ.

ಇನ್ನು ನನ್ನ ಜಾಣತನ. ಅಂಗಡಿಯ ಗೋಡೆ ಗಡಿಯಾರವನ್ನು ಅರ್ಧ ತಾಸು ಮುಂದಿಟ್ಟಿದ್ದೆ. ದರಕ್ಕಾಗಿ ಜಗ್ಗಾಡುತ್ತ ಕೂತ ಗಿರಾಕಿ ಅದನ್ನು ನೋಡಿ, ಬಸ್ಸು ತಪ್ಪೀತೆಂದು ವ್ಯವಹಾರ ಮುಗಿಸಿಬಿಡುತ್ತಿದ್ದ. ಪರದೆಯ ಮೂಲೆಯಲ್ಲೂ ವೇಳೆ ಕಾಣುತ್ತಿತ್ತಲ್ಲ, ಎರಡೂ ತಾಳೆಯಾಗದಿದ್ದರೆ ಗುಟ್ಟು ರಟ್ಟು. ಅದನ್ನೂ ಅರ್ಧ ತಾಸು ಮುಂದೆ ಸರಿಸಿದೆ.

ಒಂದು ಮುಂಜಾನೆ ಬಂದ ಫೈಲು ಒಣಹವೆ ಎಂದಿತು. ತಾರಾ ಕಾಕು ಸಂಬಂಧದಲ್ಲಿ ನನಗೆ ದೂರದ ಚಿಕ್ಕಮ್ಮ, ವ್ಯಾಪಾರದಲ್ಲಿ ಹತ್ತಿರದ ಗಿರಾಕಿ. ಮಂಗಸೂಳಿ ರಸ್ತೆಯ ಶೆಡ್ಡಿನಲ್ಲಿ ವರ್ಷದ ಬೆಳೆಯನ್ನೆಲ್ಲ ಬಲೆಗಳ ಮೇಲೆ ಹರವಿದ್ದಳು. ಮಳೆಗೆಂದು ಹೊದಿಸಿದ್ದ ತಾಡಪತ್ರಿ ತೆಗೆದು ಗಾಳಿಯಾಡಿಸಲು ಫೋನಿನಲ್ಲಿ ಹೇಳಿದೆ.

"ಖಾತ್ರಿ ಐತೇನ್ಲೇ?"

"ನೂರಕ್ಕ ನೂರು, ಕಾಕು."

ಮುಂದೆ ಎರಡು ಸಲ ಸ್ಕ್ರಿಪ್ಟು ಬರಿಗೈಯಲ್ಲಿ ಮರಳಿತು. ಹೊಸದೇನೂ ಇಲ್ಲವೆಂದು ನಾನು ನಿಶ್ಚಿಂತನಾಗಿದ್ದೆ. ಹನ್ನೊಂದರ ಮೇಲೆ ಪದ್ಮಾ ಟೀಚರು ಬಂದರು. ಗೋಡೆ ನೋಡಿದರು, ಪರದೆ ನೋಡಿದರು, ತಮ್ಮ ಮುಂಗೈಯ ಗಡಿಯಾರ ನೋಡಿಕೊಂಡರು.

"ಅಣ್ಣಾರ, ಇದು ಯಾವ ದೇಶದ ಟೈಮ್ ರೀ?"

ಗುಟ್ಟು ಹೇಳಿದೆ. ನಕ್ಕು ಕೀಲಿಮಣೆಗೆ ಕೂತರು. ಮುಂಜಾನೆ ನಿಜವಾದ ಒಂಬತ್ತು ಹತ್ತಕ್ಕೆ ಇಳಿದ ಪ್ರತಿಗೆ ನನ್ನ ಯಂತ್ರ ಒಂಬತ್ತು ನಲವತ್ತರ ಮುದ್ರೆ ಒತ್ತಿತ್ತು. ಬೆಳಗಾವಿಯಲ್ಲಿ ಒಂಬತ್ತೂವರೆಗೆ ತಿದ್ದಿದ್ದ ಫೈಲು ಹಾಗಾಗಿ ಸ್ಕ್ರಿಪ್ಟಿನ ಕಣ್ಣಿಗೆ ಹಳೆಯದು. ವೇಳೆ ಸರಿಪಡಿಸಿ, ನಮ್ಮ ಪ್ರತಿ ಅಳಿಸಿ, ಮತ್ತೆ ಇಳಿಸಿದರೆ: ಮಧ್ಯಾಹ್ನಕ್ಕೆ ಮಳೆ.

ಕಾಕುವಿನ ಫೋನು ಮನೆಯಲ್ಲಿ, ಕಾಕು ಶೆಡ್ಡಿನಲ್ಲಿ. ನನ್ನ ಸ್ಕೂಟರು ಎಷ್ಟು ಒದ್ದರೂ ಚಾಲೂ ಆಗಲಿಲ್ಲ. ಟೀಚರ ಲೂನಾ ಮೊಪೆಡ್ಡಿನ ಹಿಂದೆ ಕೂತು, ಏರಿನಲ್ಲಿ ಇಳಿದು ತಳ್ಳುತ್ತ ಹೋದೆ. ಕೊನೆಯ ತಾಡಪತ್ರಿಯ ಹಗ್ಗ ಬಿಗಿಯುವಾಗ ದಪ್ಪ ಹನಿಗಳು ಬಿದ್ದವು. ಒಂದು ಮನುಕವೂ ನೆನೆಯಲಿಲ್ಲ. ಕಾಕು ನನ್ನ ಕಂಪ್ಯೂಟರನ್ನು ಹೊಗಳಿದಳು; ನಾನು ತೊಯ್ದ ಅಂಗಿ ಹಿಂಡುತ್ತ, ಗಡಿಯಾರದ ಗುಟ್ಟು ಬಿಚ್ಚದೆ ಹೊಗಳಿಸಿಕೊಂಡೆ. ಅಂದಿನಿಂದ ಪ್ರತಿ ಹಂಗಾಮಿನಲ್ಲೂ ದಿನಾ ಮುಂಜಾನೆ ಅವಳು ಮಳೆಯ ಸುದ್ದಿಯನ್ನು ನನ್ನನ್ನೇ ಕೇಳುತ್ತಿದ್ದಳು.

ಇವತ್ತು ಅವಳಿಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ಅತ್ತ ಕಾಕು ನಗುತ್ತಿದ್ದಳು.

"ಲೂನಾ ನಿಲ್ಲಿಸಿದ ಕೂಡ್ಲೆ ಪದ್ಮಾ ಎಲ್ಲಾ ಹೇಳಿದ್ಲಲೇ. ನೀ ಹಗ್ಗ ಹುಡಕಾಕ ಹೋಗಿದ್ದಿ."

ಹಾಗಾದರೆ ಇಷ್ಟು ವರ್ಷ ನನ್ನನ್ನೇ ಏಕೆ ಕೇಳಿದೆ ಎಂದೆ.

"ಅವತ್ತಿಂದ ನೀ ಹೆದರಿ ಎರಡೆರಡು ಸಲ ನೋಡಿ ಹೇಳ್ತಿದ್ದಿ. ಅಂಥಾಂವನ್ನ ಯಾಕ ಬಿಡ್ಲಿ?"

ಫೋನಿಟ್ಟೆ. ಈ ಭಾಗದ ಪಕ್ಕಾ ವ್ಯಾಪಾರಿ ನಾನೇ ಎಂಬ ಹೆಮ್ಮೆಯನ್ನು ಒಂದು ಮುಷ್ಟಿ ಮನುಕದೊಂದಿಗೆ ಖುಷಿಯಿಂದಲೇ ನುಂಗಿದೆ.