ಯಲ್ಲವ್ವನನ್ನು ಬಿಚ್ಚಿದ ಮಧ್ಯಾಹ್ನ

ಕೊರೊನಾ ಕಳೆದ ಮರುವರ್ಷ ನಾನು ರಾಣೇಬೆನ್ನೂರಿನ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಯೋಜನಾ ಸಂಯೋಜಕಿಯಾಗಿದ್ದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಒಕ್ಕೂಟವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸದಸ್ಯರಲ್ಲಿ ಬಹಳಷ್ಟು ಜನ ಸುತ್ತಲಿನ ತಾಂಡಾಗಳ ಲಂಬಾಣಿಗರು. ಆ ವರ್ಷ ಒಕ್ಕೂಟಕ್ಕೆ ಸ್ವಂತ ಕಟ್ಟಡವಾಯಿತು. ಜಾಗ ಕೊಟ್ಟವರು ಒಬ್ಬ ಮೆಣಸಿನಕಾಯಿ ವರ್ತಕರು. ಒಕ್ಕೂಟವನ್ನೂ ಅದರ ಜನರನ್ನೂ ತೋರಿಸುವ ಲಂಬಾಣಿ ಕಸೂತಿಯ ದೊಡ್ಡ ಪರದೆಯೊಂದು ಸಭಾಂಗಣದ ಗೋಡೆಗೆ ಬೇಕೆಂದು ನಮ್ಮ ಆಡಳಿತ ಮಂಡಳಿ ಠರಾವು ಮಾಡಿತು.

ಗುತ್ತಲದ ಹತ್ತಿರದ ತಾಂಡಾದಲ್ಲಿ ಸೋಮಲಿಬಾಯಿಯನ್ನು ಹುಡುಕಿದ್ದು ನಾನೇ. ಅರವತ್ತು ದಾಟಿದ್ದ ಆಕೆ ತಾಯಿಯಿಂದ ಕಲಿತ ಹೊಲಿಗೆಯನ್ನು ಬಿಟ್ಟಿರಲಿಲ್ಲ. ನಾನು ಒಯ್ದಿದ್ದ ಪರದೆಯ ನಕ್ಷೆಯನ್ನು ನೋಡಿ, ಮಡಚಿ, ವಾಪಸು ಕೊಟ್ಟಳು.

"ಮಂದೀನ್ನ ನೋಡದ ಹೆಂಗ ಹೊಲೀಲಿ ಅಕ್ಕಾರ? ಮೊದಲ ಅವರ ಕೂಡ ಕುಂದರ್ತೇನಿ."

ಹದಿನೈದು ದಿನ ಬ್ಯಾಡಗಿಯ ಶೆಡ್ಡಿನಲ್ಲಿ ಹೆಂಗಸರ ನಡುವೆ ಕುಳಿತು ತಾನೂ ತೊಟ್ಟು ಬಿಡಿಸಿದಳು. ಯಲ್ಲವ್ವನ ವಿಷಯ ಆಕೆಗೆ ಗೊತ್ತಾದದ್ದು ಅಲ್ಲಿಯೇ. ಯಲ್ಲವ್ವ ಒಕ್ಕೂಟದ ಮೊದಲ ಸದಸ್ಯೆ, ಮನೆಮನೆಗೆ ತಿರುಗಿ ಉಳಿದವರನ್ನು ಸೇರಿಸಿದವಳು. ಮೆಣಸಿನ ಘಾಟಿನಲ್ಲಿ ವರ್ಷಗಟ್ಟಲೆ ಕೆಮ್ಮಿ, ಕೊನೆಗೆ ಉಸಿರು ಕಟ್ಟಿ ತೀರಿಕೊಂಡಿದ್ದಳು. "ಆಕೀನ್ನ ನಡುವ ಕುಂದರಸ್ರಿ ಬಾಯಾರ" ಎಂದು ಹೆಂಗಸರೇ ಕೇಳಿಕೊಂಡರು.

ನಾಲ್ಕು ತಿಂಗಳಿಗೆ ಪರದೆ ಬಂತು. ಕೆಂಪು ಬಟ್ಟೆಯ ಮೇಲೆ ಹೆಂಗಸರು ಸುತ್ತುಗಟ್ಟಿ ಕುಳಿತಿದ್ದರು. ಒಬ್ಬೊಬ್ಬರಿಗೂ ಹೊಲಿದು ಕೂರಿಸಿದ ಒಂದೊಂದು ಕನ್ನಡಿ ಬಿಲ್ಲೆ. ನಡುವೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿದ ಯಲ್ಲವ್ವ. ಅವಳ ಮಗಳು ರತ್ನವ್ವ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿದಳು. "ನಮ್ಮವ್ವ ಥೇಟ್ ಹಿಂಗ ಕುಂದರ್ತಿದ್ಲು" ಎಂದು ಅತ್ತಳು.

ಉದ್ಘಾಟನೆಗೆ ಎರಡು ದಿನವಿರುವಾಗ ನಮ್ಮ ಸಂಸ್ಥೆಯ ಅಧ್ಯಕ್ಷರು ಪರದೆಯನ್ನು ನೋಡಲು ಬಂದರು.

"ಜಾಗಾ ಕೊಟ್ಟಾವ್ರ ಮುಂದ ಕೆಮ್ಮೋ ಹೆಣಮಗಳನ್ನ ತೂಗಹಾಕ್ತೀರೇನ್ರಿ? ಅದೊಂದು ತಗದು ಹೂವು ಹಾಕಸ್ರಿ."

ನಾನು ಸೋಮಲಿಬಾಯಿಗೆ ಫೋನ್ ಮಾಡಲಿಲ್ಲ, ಒಪ್ಪುವುದಿಲ್ಲವೆಂದು ಗೊತ್ತಿತ್ತು. ರತ್ನವ್ವನಿಗೂ ಹೇಳಲಿಲ್ಲ. ಆಫೀಸಿನ ಬಾಗಿಲು ಹಾಕಿಕೊಂಡು ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕೊಯ್ದೆ. ಕೈ ಹೊಲಿಗೆ ಗಟ್ಟಿಯಾಗಿತ್ತು, ಇಡೀ ಮಧ್ಯಾಹ್ನ ಹಿಡಿಯಿತು. ಬಟ್ಟೆಯಲ್ಲಿ ಸೂಜಿಯ ತೂತುಗಳು ಉಳಿದವು. ಅವು ಕಾಣದಂತೆ ಪೇಟೆಯ ದರ್ಜಿಯಿಂದ ಮಷೀನಿನ ಹಳದಿ ಹೂವೊಂದನ್ನು ಹೊಲಿಸಿದೆ.

ಸಮಾರಂಭದ ದಿನ ಸೋಮಲಿಬಾಯಿ ಬಂದವಳೇ ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಹೂವಿನ ಮೇಲೆ ಬೆರಳಾಡಿಸಿದಳು.

"ಯಾರು ಬಿಚ್ಚಿದ್ರು ಅಕ್ಕಾರ?"

"ನಾನ ಬಿಚ್ಚಿದೆ. ಅಧ್ಯಕ್ಷರು ಹೇಳಿದ್ರು."

"ಅವರು ಹೇಳಿದ್ರು, ಖರೇ. ಆಕಿ ಹೆಂಗ ಸತ್ಲು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ. ನಿಮಗ ಗೊತ್ತಿತ್ತಲ್ಲ?"

ಅಷ್ಟರಲ್ಲಿ ವೇದಿಕೆಯಿಂದ ಆಕೆಯ ಹೆಸರು ಕೂಗಿದರು. ಅಧ್ಯಕ್ಷರು ಶಾಲು ಬಿಡಿಸಿ ಹಿಡಿದು ನಿಂತಿದ್ದರು. ಸೋಮಲಿಬಾಯಿ ನಿಂತಲ್ಲಿಂದಲೇ "ಅದು ನಂದಲ್ಲರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಗೆ ನಡೆದಳು. ಹಿಂದೆಯೇ ರತ್ನವ್ವ ಎದ್ದಳು. ಅವಳ ಸಾಲಿನ ಹೆಂಗಸರೂ ಒಬ್ಬೊಬ್ಬರಾಗಿ ಎದ್ದರು. ಖಾಲಿಯಾದ ಕುರ್ಚಿಗಳ ಮುಂದೆ ವರ್ತಕರು ಮಹಿಳಾ ಸಬಲೀಕರಣದ ಬಗ್ಗೆ ಭಾಷಣ ಮಾಡಿದರು.

ಆ ವರ್ಷದ ವರದಿಯಲ್ಲಿ ಪರದೆಯ ಫೋಟೊ ಬಂತು. ಕೆಳಗೆ 'ಸ್ಥಳೀಯ ಕಲೆಗೆ ನಮ್ಮ ಪ್ರೋತ್ಸಾಹ' ಎಂದಿತ್ತು. ಅದನ್ನು ಬರೆದವಳೂ ನಾನೇ. ಎದ್ದು ಹೋದವರು ಮತ್ತೆ ಆ ಕಟ್ಟಡದ ಮೆಟ್ಟಿಲು ಹತ್ತಲಿಲ್ಲ. ಮುಂದೊಮ್ಮೆ ಬ್ಯಾಡಗಿ ಸ್ಟೇಷನ್ನಿನಲ್ಲಿ ರತ್ನವ್ವ ಸಿಕ್ಕಳು. "ಆರಾಮ ಇದ್ದೀಯೇನ?" ಎಂದೆ. "ನಮಗೇನಾಗೇತ್ರಿ" ಎಂದು ಹಳಿಯ ಕಡೆಗೆ ಮುಖ ತಿರುಗಿಸಿದಳು.

ಮೇಲಿನವರ ಮಾತು ಕೇಳಬೇಕಾಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನೌಕರಿ ಕಲಿಸಿದ್ದು ಬೇರೆ: ಕೊಟ್ಟ ಆಜ್ಞೆ ಅವರದಾದರೂ ಮಾಡಿದ ಕೆಲಸ ನನ್ನದೇ. "ಇದು ನನ್ನಿಂದ ಆಗೂದಿಲ್ಲ ಸರ್" ಎನ್ನಲು ಅರ್ಧ ನಿಮಿಷ ಸಾಕಿತ್ತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಆ ಅರ್ಧ ನಿಮಿಷವನ್ನು ನಾನು ಒಮ್ಮೆಯೂ ತೆಗೆದಿಡಲಿಲ್ಲ.