ಸದ್ದಿಲ್ಲದೆ ಬಿಚ್ಚಿದ ಗೋಡೆ

ಹಾರೆ ಎತ್ತಿದ್ದ ನಮ್ಮ ಆಳಿನ ಕೈಯನ್ನು ಕೆಂಪಮ್ಮ ಹಿಡಿದುಕೊಂಡರು. ರಾಮನಗರದ ಅಂಚಿನಲ್ಲಿ ಮನೆಮನೆಯಲ್ಲೂ ರೇಷ್ಮೆಹುಳ ಸಾಕುತ್ತಿದ್ದ ಕಾಲ. ಮಳೆನೀರಿನ ಚರಂಡಿ ಅಗಲ ಮಾಡಲು ಅವರ ಹಿತ್ತಲ ಗೋಡೆ ಒಡೆಯಬೇಕಿತ್ತು, ಮೇಲ್ವಿಚಾರಣೆ ನನ್ನದು.

"ಹುಳ ಗೂಡು ಕಟ್ತಾ ಅವೆ ಕಣಪ್ಪ. ಮನೆ ಅದುರಿದ್ರೆ ಕಟ್ಟಾಕಿಲ್ಲ," ಎಂದರು. ಗೂಡು ಬಿಡಿಸಿದ ಮೇಲೆ ಬರುತ್ತೇವೆಂದು ಹೊರಟೆವು.

ಸಂಜೆ ಮೋಡ ಕವಿಯಿತು. ಈ ಗೋಡೆ ತಡೆದ ನೀರು ಪ್ರತಿ ಮಳೆಗೂ ನುಗ್ಗುವ ಪಕ್ಕದ ತಗ್ಗಿನ ಮನೆಯಲ್ಲಿ ಹಸಿ ಬಾಣಂತಿ ಇದ್ದಳು. ನಾನು ಗಾಬರಿಯಿಂದ ಓಡಿ ಹೋದರೆ, ಕೆಂಪಮ್ಮ ಮಣ್ಣಿನಲ್ಲಿ ಕಟ್ಟಿದ ಆ ಗೋಡೆಯ ಇಟ್ಟಿಗೆಗಳನ್ನು ಬರಿಗೈಯಲ್ಲೇ ಬಿಡಿಸಿ, ಹಳೇ ಗೋಣಿಚೀಲದ ಮೇಲೆ ಇಡುತ್ತಿದ್ದರು.

"ಇಲ್ಲಿ ಹುಳ, ಅಲ್ಲಿ ಕೂಸು. ಮೆತ್ತಗೆ ಎತ್ತಪ್ಪ."

ನಾನೂ ಕೈ ಹಾಕಿದೆ. ಮಳೆನೀರು ಬಾಣಂತಿಯ ಮನೆಗೆ ನುಗ್ಗದೆ ಆ ಸಂದಿಯಿಂದ ಕೆಂಪಮ್ಮನವರ ಹಿತ್ತಲಿಗೇ ಹರಿಯಿತು.

ಈಗಲೂ ಯಾವ ಗೋಡೆ ಒಡೆಸುವಾಗಲೂ ಅದರ ಆಚೆ ಯಾರು ಮಲಗಿದ್ದಾರೆಂದು ಮೊದಲು ಕೇಳುತ್ತೇನೆ.