ಕೊಟ್ರಪ್ಪನ ಜೀಪು ಮತ್ತು ಹಳದಿ ಪೆಟ್ಟಿಗೆ

ಜೀಪಿನಲ್ಲಿ ಖಾಲಿ ಜಾಗ ಕಂಡರೆ ಕೊಟ್ರಪ್ಪ ಹಲ್ಲುನೋವು ಬಂದವನಂತೆ ಮುಖ ಸಿಂಡರಿಸುತ್ತಿದ್ದ. ಹೆಣ ಸಾಗಿಸುವಾಗಲೂ ದಾರಿಯಲ್ಲಿ ಇಬ್ಬರನ್ನು ಹತ್ತಿಸಿಕೊಂಡು, "ಸತ್ತೋನು ಜಗಳಕ್ಕ ಬರ್ತಾನೇನ್ರೀ? ಸರ್ಕೊಂಡು ಕುಂದರ್ರಿ" ಎಂದವನು ಅವನು.

ತೊಂಬತ್ತರ ದಶಕದ ಕೊನೆಯಲ್ಲಿ, ಕೂಡ್ಲಿಗಿ ಸುತ್ತ ನೀರಿನ ಪೈಪು ಹಾಕುತ್ತಿದ್ದ ಕಂಪನಿಯೊಂದರಲ್ಲಿ ನಾನು ಸ್ಟೋರ್ ಕೀಪರ್. ಪೈಪಿನ ಬೆಸುಗೆ ಗಟ್ಟಿಯೋ ಪೊಳ್ಳೋ ಎಂದು ನೋಡಲು ವಿಕಿರಣ ಸೂಸುವ ಉಪಕರಣವೊಂದಿತ್ತು. ಅದನ್ನಿಟ್ಟ ಹಳದಿ ಪೆಟ್ಟಿಗೆಯನ್ನು ಸಾಗಿಸುವ ಬಾಡಿಗೆ ಜೀಪು ಕೊಟ್ಟೂರಿನ ಕೊಟ್ರಪ್ಪನದು. ಪೆಟ್ಟಿಗೆ ಅಲುಗದಂತೆ ಸುತ್ತಲೂ ಮರದ ತುಂಡು ಬಡಿದು, ಜೀಪಿನ ತಳಕ್ಕೆ ಸರಪಳಿ ಬಿಗಿದು ಬೀಗ ಹಾಕಬೇಕು. ಬೇರೆ ಸಾಮಾನು, ಬೇರೆ ಜನ ಕೂಡದು. ಎಚ್ಚರಿಕೆಯ ಗುರುತು ಹೊರಗೆ ಕಾಣಬೇಕು. ಬೀಗದ ಕೀಲಿ ನನ್ನ ಜೇಬಿನಲ್ಲಿ.

ಕೊಟ್ರಪ್ಪ ಸ್ಟೋರಿನ ಗೇಟು ದಾಟುತ್ತಲೇ ಆ ಗುರುತಿನ ಮೇಲೆ ಟವೆಲ್ಲು ಹರವುತ್ತಿದ್ದ. "ಇದನ್ನ ನೋಡಿದ್ರ ಮಂದಿ ಹತ್ತಂಗಿಲ್ರೀ." ಒಮ್ಮೆ ಮುದುಕಿಯೊಬ್ಬಳು ಪೆಟ್ಟಿಗೆಯ ಮೇಲೆಯೇ ಕೂತು ಎಲೆ ಅಡಿಕೆ ಮೆಲ್ಲುತ್ತ, "ಏನೈತೋ ಇದ್ರಾಗ?" ಎಂದಳು.

"ಕಂಪನಿ ದೇವ್ರು, ಯವ್ವಾ."

"ದೇವ್ರ ಮ್ಯಾಲೆ ನನ್ನ ಕುಂದರ್ಸೀಯಲ್ಲೋ, ಭಾಡ್ಯಾ!"

"ಅದ್ಕ ನಿನಗ ರೇಟು ಕಮ್ಮಿ."

ಮುಂದೆ ಕೂತಿದ್ದ ನಾನು ಹೊಟ್ಟೆ ಹಿಡಿದು ನಕ್ಕೆ. ಅವನನ್ನು ತಡೆಯಲೆಂದೇ ಕಂಪನಿ ನನಗೆ ಸಂಬಳ ಕೊಡುತ್ತಿತ್ತು.

ತಂಗಿಯ ಮಗಳ ಮದುವೆಗೆ ಕೂಡ್ಲಿಗಿಯಲ್ಲಿ ಕಬ್ಬಿಣದ ಬೀರು ಕೊಂಡಿದ್ದೆ. ಪೆಟ್ಟಿಗೆ ಕೊಟ್ಟೂರಿಗೆ ಹೊರಟ ದಿನ ಅದನ್ನೂ ಅದೇ ಜೀಪಿಗೆ ಹೇರಿಸಿದೆ. ಬೀರು ಅರ್ಧ ಹೊರಗೆ ಚಾಚಿ, ಹಿಂಬಾಗಿಲು ಮುಚ್ಚಲಿಲ್ಲ. ಕಟ್ಟಲು ಹಗ್ಗವೂ ಇರಲಿಲ್ಲ.

"ಪೆಟ್ಟಿಗಿ ಸರಪಳಿ ಐತಲ್ರೀ. ಅಷ್ಟು ಭಾರದ ಪೆಟ್ಟಿಗಿ ತಾನಾಗೆ ಎದ್ದು ಹೋಗ್ತೈತೇನು?" ಎಂದ ಕೊಟ್ರಪ್ಪ. ಅವನು ಮರದ ತುಂಡುಗಳನ್ನು ಕಿತ್ತ. ಬೀಗ ತೆಗೆದವನು ನಾನು. ಸರಪಳಿ ಬೀರಿನ ಸುತ್ತ ಬಿತ್ತು.

ಕೊಟ್ಟೂರಿನಲ್ಲಿ ಬೀರು ಒಂದು ಗೀರೂ ಬೀಳದೆ ಇಳಿಯಿತು. ಪೆಟ್ಟಿಗೆ ಇರಲಿಲ್ಲ.

ಬಂದ ದಾರಿಯಲ್ಲೇ ವಾಪಸು ಓಡಿದೆವು. ರಸ್ತೆಯ ತಿರುವಿನಲ್ಲಿ ಒಬ್ಬ ಕುರಿಗಾಹಿ ಪೆಟ್ಟಿಗೆಗೆ ಒರಗಿ ನಿಂತಿದ್ದ. "ಯಾರ್ದೋ ಬಿದ್ದಿತ್ತು. ಕಳ್ರು ಒಯ್ದಾರು ಅಂತ ಕಾಯಾಕ ಹತ್ತೀನಿ" ಎಂದ.

ಪೆಟ್ಟಿಗೆಯ ಮೂಲೆ ನೆಗ್ಗಿತ್ತು, ಸಂಗತಿ ಮುಚ್ಚಿಡಲಾಗಲಿಲ್ಲ. ಕಂಪನಿಯ ಸಾಹೇಬರು ಮೀಟರು ಹಿಡಿದು ನೋಡಿ, ವಿಕಿರಣ ಸೋರಿಲ್ಲ ಎಂದು ಉಸಿರುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಬೀಗ ತೆಗೆದವರು ಯಾರು?"

"ನಾ ಉಣ್ಣಾಕ ಕುಂತಾಗ ಇವನು ಕೀಲಿ ಕದ್ದಾನ್ರೀ" ಎಂದೆ. ಬೀರು ಕೂಡ ಅವನ ಬಾಡಿಗೆ ಮಾಲು ಎಂದೆ.

"ಸುಳ್ಳು ಹೇಳಾಕ ಹತ್ಯಾರ್ರೀ! ಬೀರು ಅವರ್ದು, ಬೀಗ ತಗದೋರೂ ಅವ್ರೇ!" ಎಂದು ಕೊಟ್ರಪ್ಪ ಕೂಗಾಡಿದ. ಟವೆಲ್ಲು ಹರವುವವನ ಮಾತನ್ನು ಯಾರು ನಂಬುತ್ತಾರೆ? ಅವನ ಬಾಡಿಗೆ ಹೋಯಿತು, ಆಮೇಲೆ ಜೀಪೂ ಹೋಯಿತು. ನನಗೆ, ಎಚ್ಚರಿಕೆಯಿಂದಿರಿ ಎಂಬ ಬುದ್ಧಿಮಾತು ಸಿಕ್ಕಿತು.

ಕೆಲವು ವರ್ಷಗಳ ನಂತರ ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಯಾರದೋ ಟ್ರ್ಯಾಕ್ಟರು ಓಡಿಸುತ್ತಿದ್ದನಂತೆ. "ಸಾಹೇಬರಿಗೆ ನಿಜ ಹೇಳಿಬಿಡ್ತೀನಿ, ಕೊಟ್ರಪ್ಪಾ" ಎಂದೆ.

ಅವನು ನಕ್ಕ. "ಸಾಹೇಬ್ರು ಈಗ ಯಾವೂರಾಗ ಅದಾರೋ! ನನ್ ಹೆಂಡ್ತಿ ಮುಂದ ಹೇಳ್ರಿ. ಬ್ಯಾಳಿ ಡಬ್ಬಿ ಮುಟ್ಟಿದ್ರೂ ಕಳ್ಳ ಅಂತಾಳ."

ಸೋಮವಾರ ಮನೆಗೆ ಬರುತ್ತೇನೆಂದೆ. ಆ ಸೋಮವಾರ ಕಾಲು ನೋಯುತ್ತಿತ್ತು, ಹೋಗಲಿಲ್ಲ. ಮುಂದಿನ ಸೋಮವಾರ ಕಾಲು ಚೆನ್ನಾಗಿತ್ತು, ಆಗಲೂ ಹೋಗಲಿಲ್ಲ. ಹೋದದ್ದು ಅವನು ತೀರಿಕೊಂಡ ಮೇಲೆ.

"ಕಳ್ಳ ಆದ್ರೂ ನಮ್ ಹೊಟ್ಟಿ ತುಂಬ್ಸ್ಯಾನ್ರೀ" ಎಂದು ಅವನ ಹೆಂಡತಿ ಕಣ್ಣೊರೆಸಿಕೊಂಡಳು. ನಾನು ಆಕೆ ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಈಗ ಎಲ್ಲವನ್ನೂ ಬರೆದಿದ್ದೇನೆ. ಇಷ್ಟು ಧೈರ್ಯ ಹೇಗೆ ಬಂತೆಂದರೆ, ಆಕೆಗೆ ಓದಲು ಬರುವುದಿಲ್ಲ.